ಹೆಸರಿಟ್ಟವಳು

ನಮ್ಮೂರಿನಲ್ಲಿ ಟೀ ಬೇಕೆಂದರೆ ಮೊದಲು ಒಂದು ಹೆಸರು ಕೇಳಿಸಿಕೊಳ್ಳಬೇಕು. ಅಂಗಡಿಯ ಖಾಸಿಮಣ್ಣ ಹಾಲಿನ ಪಾತ್ರೆಯನ್ನು ಒಲೆಗಿಟ್ಟು, ಬೀದಿಗೆಲ್ಲ ಕೇಳುವ ಹಾಗೆ "ರಾಬಿಯಾ ಚಿಕ್ಕಮ್ಮ" ಎನ್ನುತ್ತಾನೆ. ಅವನಿಗೆ ಟೀ ಕಾಯಿಸುವುದನ್ನು ಹೇಳಿಕೊಟ್ಟವಳು ಆಕೆ. ಹೆಸರೆತ್ತಿದರೆ ಟೀ, ಮರೆತರೆ ಒಡೆದ ಹಾಲು. ಟೀ ಒಂದೇ ಅಲ್ಲ. ಯಾರಿಂದ ಕಲಿತೆವೋ ಅವರ ಹೆಸರನ್ನು ಬಾಯಿಬಿಟ್ಟು ಹೇಳದೆ ಯಾವ ಕೆಲಸಕ್ಕೆ ಕೈಹಾಕಿದರೂ ಇದೇ ಗತಿ. ಒಲೆ ಹೊತ್ತುವುದಿಲ್ಲ, ಸೂಜಿಯೊಳಗೆ ದಾರ ಹೋಗುವುದಿಲ್ಲ, ರುಬ್ಬಿಟ್ಟ ಹಿಟ್ಟು ಉಬ್ಬುವುದಿಲ್ಲ. ನಲ್ಲಿಯ ಮುಂದೆ ಸರದಿಯಲ್ಲಿ ನಿಲ್ಲಬೇಕಾದರೂ, ಸರದಿ ನಿಲ್ಲುವುದನ್ನು ಕಲಿಸಿದ ಅಮ್ಮನದೋ ಅಕ್ಕನದೋ ಹೆಸರು ಹೇಳಬೇಕು. ಇಲ್ಲದಿದ್ದರೆ ಎರಡೇ ನಿಮಿಷದಲ್ಲಿ ಕೊಡ ಹಿಡಿದು ಜಡೆ ಎಳೆದಾಟ. ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತರೆ ಒಂದೊಂದು ಮನೆಯಿಂದ ಹೊಗೆಯ ಜೊತೆಗೆ ಒಂದೊಂದು ಹೆಸರು ಹೊರಗೆ ಬರುತ್ತದೆ. ಸಿನಿಮಾ ಶುರುವಾಗುವ ಮುಂಚೆ ಬರುತ್ತದಲ್ಲ, ಟೈಟಲ್ ಕಾರ್ಡು, ಹಾಗೆ. ನಮ್ಮಲ್ಲಿ ದಿನವೂ ಟೈಟಲ್ ಮುಗಿದ ಮೇಲೆಯೇ ಕಥೆ.

ನನಗೋ ಟೈಟಲ್ ಕಂಡರೆ ಆಗುತ್ತಿರಲಿಲ್ಲ. ಟಾಕೀಸಿನಲ್ಲಿ ಹೆಸರುಗಳು ಓಡುವಷ್ಟು ಹೊತ್ತು ಹೊರಗೆ ನಿಂತು ಬಟಾಣಿ ತಿನ್ನುತ್ತಿದ್ದೆ. ಹೀರೋ ಬರುವ ಹೊತ್ತಿಗೆ ಒಳಗೆ ಹೋದರೆ ಸಾಕು. ಉಳಿದವರ ಹೆಸರು ಕಟ್ಟಿಕೊಂಡು ನನಗೇನಾಗಬೇಕು?

ಇಂಥ ಊರಿನಲ್ಲಿ ತರಲೆ ಮಾಡುವವನಿಗೆ ಕೆಲಸಕ್ಕೆ ಬರವಿಲ್ಲ. ಒಂದು ಸಲ ಖಾಸಿಮಣ್ಣನ ಕಿವಿಯ ಹತ್ತಿರ ಬಾಗಿ, "ಅಣ್ಣಾ, ಬ್ಯಾಸರ ಮಾಡ್ಕಬ್ಯಾಡ. ನಿಮ್ಮ ರಾಬಿಯಾ ಚಿಕ್ಕಮ್ಮ ಟೀನೇ ಕಾಯಿಸ್ತಿರ್ಲಿಲ್ವಂತೆ. ಕಾಯಿಸ್ತಿದ್ದಿದ್ದು ನಿಮ್ಮ ಚಿಕ್ಕಪ್ಪ. ಈಯಮ್ಮ ಬರೀ ಸೋಸ್ತಿದ್ರಂತೆ" ಎಂದೆ. ಅಷ್ಟೇ. ಖಾಸಿಮಣ್ಣನಿಗೆ ಅನುಮಾನ ಹೊಕ್ಕಿತು. ಅನುಮಾನದಿಂದ ಹೇಳಿದ ಹೆಸರು ಹಾಲಿಗೆ ಗೊತ್ತಾಗುತ್ತದೆ. ಮೂರು ದಿನ ಊರಿಗೆ ಟೀ ಇಲ್ಲ. ನಾಲ್ಕನೆಯ ದಿನ ದ್ಯಾಮತ್ತೆ ನನ್ನ ಕಿವಿ ಹಿಡಿದು ಅಂಗಡಿಗೆ ಎಳೆದುಕೊಂಡು ಹೋದಳು.

"ಏ ಕೋತಿ, ಒಬ್ಬನ ಅಂಗಡಿ ಮುಚ್ಚಿಸ್ತೀಯೇನ್ಲಾ? ಹೇಳು ನಿಜಾನ."

"ಅತ್ತೆ, ಕಿವಿ ಬಿಡು. ಈ ಕಿವಿ ನಂಬ್ಕಂಡು ಒಂದು ಮುಖ ಬದುಕ್ತಾ ಐತೆ."

"ಡೈಲಾಗ್ ಹೊಡೀಬ್ಯಾಡ. ಆ ಟಾಕೀಸ್ನೋರು ನಿನ್ನ ಬಾಯಿನ ಬಾಡಿಗೆಗೆ ತಗಂಡವ್ರೆ ಅಂತ ಕಾಣ್ತೈತೆ."

ದ್ಯಾಮತ್ತೆ ನನ್ನ ಅಪ್ಪನ ತಂಗಿ. ಅಪ್ಪ ಅಮ್ಮ ಬೆಳಿಗ್ಗೆ ಕಲ್ಲು ಒಡೆಯಲು ಹೋದರೆ ನಾನು ಸಂಜೆಯವರೆಗೆ ಅವಳ ಜಗಲಿಯ ಸೊತ್ತು. ನನ್ನ ಹೆಸರು ಜುಂಜ ಎಂದು ಊರಿಗೆಲ್ಲ ಗೊತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳ ಬಾಯಲ್ಲಿ ನಾನು ಕೋತಿ. ಊಟಕ್ಕೆ ಕರೆಯುವಾಗಲೂ ಕೋತಿ, ಹೊಡೆಯುವಾಗಲೂ ಕೋತಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗಲೂ ಕೋತಿ. ಹೆಸರಿಡುವುದೆಂದರೆ ನಮ್ಮ ಕಡೆ ಎರಡರ್ಥ. ಮಗುವಿಗೆ ಇಡುವುದೂ ಹೆಸರೇ, ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುವುದೂ ಹೆಸರಿಡುವುದೇ. ಅತ್ತೆ ಎರಡನೆಯದರಲ್ಲಿ ಎತ್ತಿದ ಕೈ.

ಆದರೆ ಅವಳಿಲ್ಲದಿದ್ದರೆ ಊರೇ ಇಲ್ಲ. ನಮ್ಮೂರಿನ ನಡುವೆ ಒಂದು ಕೊರಕಲಿದೆ. ಎಂಬತ್ತು ಮಾರು ಅಗಲ. ಆಳ ಎಷ್ಟೆಂದು ಬಗ್ಗಿ ನೋಡಿದವರು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಈಚೆ ದಂಡೆಯಲ್ಲಿ ನಾವು, ಆಚೆ ದಂಡೆಯಲ್ಲಿ ಉಳಿದ ಅರ್ಧ ಊರು ಮತ್ತು ಟಾಕೀಸು. ಸುತ್ತುಹಾಕಿ ಹೋದರೆ ನಾಲ್ಕು ದಿನದ ಕಲ್ಲು ದಾರಿ. ಅದಕ್ಕೆ ನಡುವೆ ಒಂದು ದಪ್ಪ ಹಗ್ಗ, ಹಗ್ಗಕ್ಕೆ ಒಂದು ಬಿದಿರಿನ ಬುಟ್ಟಿ. ಅದಕ್ಕೆ ತೊಟ್ಟಿಲು ಎನ್ನುತ್ತೇವೆ. ಒಳಗೆ ಕೂತರೆ ಈಚೆಯಿಂದಲೋ ಆಚೆಯಿಂದಲೋ ಎಳೆದುಕೊಳ್ಳುತ್ತಾರೆ. ಆ ಹಗ್ಗ ಹೊಸೆಯುವುದು ದ್ಯಾಮತ್ತೆಗೆ ಮಾತ್ರ ಗೊತ್ತು. ಅವಳಿಗೆ ಕಲಿಸಿದವಳು ಅವಳ ಅತ್ತೆ ಸಣ್ಣೀರಮ್ಮ. ಹೊರಗಿನಿಂದ ಕೊಂಡು ತರೋಣವೆಂದರೆ, ಊರಿನ ಗಡಿ ದಾಟಿದ ಕೂಡಲೇ ಅದು ಬಿಚ್ಚಿಕೊಂಡು ಬರೀ ನಾರಾಗುತ್ತದೆ. ಹೊರಗಿನವರು ಯಾರ ಹೆಸರೆತ್ತಿ ಹೊಸೆದಿರುತ್ತಾರೆ?

ಅತ್ತೆ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಕತ್ತಾಳೆಯ ನಾರನ್ನು ಬಲತೊಡೆಯ ಮೇಲಿಟ್ಟು ಬಲಗೈಯಿಂದ ಉಜ್ಜಿ ಎಳೆ ಹೊಸೆಯುತ್ತಿದ್ದಳು. ಎರಡು ಎಳೆಗಳನ್ನು ಒಂದು ಕಡೆಗೆ ತಿರುಚಿ ಮುರಿ ಬರುವ ಹಾಗೆ ಹೊಸೆಯುವುದು, ಆಮೇಲೆ ಎರಡನ್ನೂ ಸೇರಿಸಿ ಎದುರು ಕಡೆಗೆ ಸುತ್ತುವುದು. ಎರಡೂ ಬಿಚ್ಚಿಕೊಳ್ಳಲು ಹೋಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇಷ್ಟೇ ಹಗ್ಗದ ಗುಟ್ಟು. ಏಳನೆಯ ವಯಸ್ಸಿನಿಂದ ಅವಳ ಎದುರಿಗೆ ಕೂತು ಹಗ್ಗದ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಒಂದು ಕೈ ತುದಿ ಹಿಡಿದಿದ್ದರೆ ಬಿಡುವಾಗಿದ್ದ ಇನ್ನೊಂದು ಕೈ ಅವಳ ಕೈ ಮಾಡಿದ್ದನ್ನೇ ಮಾಡುತ್ತಿತ್ತು. ಹೊಸೆದ ಚೂರುಗಳನ್ನು ಅಲ್ಲೇ ಬಿಸಾಡುತ್ತಿದ್ದೆ. ಹೆಸರೆತ್ತಿ ಪರೀಕ್ಷೆ ಮಾಡುವ ತೊಂದರೆ ಯಾರಿಗೆ ಬೇಕು?

ಇನ್ನೊಬ್ಬರನ್ನು ಪರಿಚಯಿಸಬೇಕು: ಪಾಲಯ್ಯ ಮೇಷ್ಟ್ರು. ಅವರ ಹತ್ತಿರ ಒಂದು ದಪ್ಪ ಪುಸ್ತಕವಿದೆ. ಬೆಂಕಿಗೆ ಒಂದು ಪುಟ, ಮಡಕೆಗೆ, ಸೂಜಿಗೆ, ಬಿತ್ತನೆಗೆ, ಸರದಿಗೆ ಒಂದೊಂದು ಪುಟ. ನಿನಗೆ ಯಾರು ಕಲಿಸಿದರು, ಅವರಿಗೆ ಯಾರು, ಅವರಿಗೆ ಯಾರು ಎಂದು ಹಿಂದಕ್ಕೆ ಹಿಂದಕ್ಕೆ ಕೇಳಿ ಬರೆದ ಹೆಸರುಗಳ ಸರ. ಬೆಂಕಿಯದು ನಾನೂರ ಹನ್ನೆರಡು ಹೆಸರು. ಮೇಲಿನವೆಲ್ಲ ನಮ್ಮ ನಿಮ್ಮಂಥವರ ಹೆಸರು. ಕೆಳಗೆ ಹೋದಂತೆ ಹೆಸರುಗಳು ತೇದುಹೋಗಿ "ಕಡಲ ಕಡೆಯ ಸೊಸೆ", "ಉಪ್ಪು ತಂದವನು", "ಗುಡ್ಡದಾಚೆಯ ಕುಂಟಿ" ಆಗುತ್ತವೆ. "ನೋಡ್ರೋ, ಎಲ್ಲಾ ಸರದಲ್ಲೂ ಸೊಸೆಯಂದಿರೇ ಜಾಸ್ತಿ" ಎಂದು ಮೇಷ್ಟ್ರು ಶಾಲೆಯಲ್ಲಿ ಹೇಳುತ್ತಿದ್ದರು. "ಮದುವೆಯಾಗಿ ನಡಕೊಂಡು ಬಂದೋರು. ಸೀರೆ ಗಂಟಲ್ಲಿ ಬೀಜ, ಕೈಯಲ್ಲಿ ಕೆಲಸ. ಲೋಕ ತುಂಬಾ ವಿದ್ಯೆ ಹಬ್ಬಿದ್ದು ಹಂಗೆ, ಕುದುರೆ ಮೇಲಲ್ಲ."

ಪ್ರತಿ ಸರದ ಕಟ್ಟಕಡೆಯ ಹೆಸರನ್ನು ಅವರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಹೆಸರುಗಳೇ ಇಲ್ಲದ ಕಾಲದವರ ಹೆಸರುಗಳು ಅವು. ಬೆಂಕಿಗೆ "ಮುಟ್ಟಬ್ಯಾಡ". ಬಿತ್ತನೆಗೆ "ಚೆಲ್ಲಿಬಿಟ್ಟೋಳು". ಮಡಕೆಗೆ "ಒಲೆಗೆ ಬೀಳಿಸಿದೋಳು". ಸೂಜಿಗೆ "ಮೂಳೆ ಕೆರಿಯೋನು". ಸರದಿಗೆ "ತಡಿ". ಹಗ್ಗಕ್ಕೆ "ಸುಮ್ಕಿರು". ಇವೆಲ್ಲ ಹಳೆಯ ಕಾಲದ ದೊಡ್ಡ ದೊಡ್ಡ ಬಿರುದುಗಳು, ಅರ್ಥ ಈಗ ನಮಗೆ ತಿಳಿಯುವುದಿಲ್ಲ ಎಂದು ಮೇಷ್ಟ್ರು ನಂಬಿದ್ದರು. ಸುಮ್ಕಿರು ಎಂದರೆ ಮಹಾಮೌನಿ ಎಂದು ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದರು. ಆ ಪುಟ ತೆಗೆದಾಗ ನಾವೆಲ್ಲ ಎದ್ದು ನಿಂತು ಕೈಮುಗಿಯಬೇಕಿತ್ತು.

ನಾನು ಒಂದು ದಿನ ಎದ್ದು ನಿಂತು ಕೇಳಿದೆ. "ಸಾ, ಮೊದಲನೇ ಮನುಷ್ಯ ಯಾರ ಹೆಸರು ಹೇಳ್ದ? ಅವನಿಗೆ ಯಾರೂ ಕಲಿಸ್ಲೇ ಇಲ್ವಲ್ಲ. ಅವನ ಬೆಂಕಿ ಹೆಂಗೆ ಹೊತ್ಕಂತು?"

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಅದೊಂದು ಗೊತ್ತಾಗಿದ್ರೆ ಈ ಪುಸ್ತಕ ಮುಗೀತಿತ್ತು, ಜುಂಜ" ಎಂದು ಪುಸ್ತಕ ಮುಚ್ಚಿದರು.

ಈಗ ಕಷ್ಟದ ಸೀನಿಗೆ ಬರುತ್ತೇನೆ. ನನಗೆ ಇಪ್ಪತ್ತಾದ ವರ್ಷ, ಒಂದು ಬೆಳಿಗ್ಗೆ ಅತ್ತೆ ಜಗಲಿಯ ಮೇಲೆ ಕೂತವಳು ಕೂತ ಹಾಗೆಯೇ ಬಲಕ್ಕೆ ವಾಲಿದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪೂರಾ ಹೋಗಲಿಲ್ಲ, ಒಂದೇ ಒಂದು ಮಾತು ಉಳಿಯಿತು. ನೀರು ಬೇಕಾದರೆ "ಕೋತಿ". ಹಸಿವಾದರೆ "ಕೋತಿ". ನಾಡಿ ಹಿಡಿಯಲು ಬಂದ ಪಂಡಿತರಿಗೂ "ಕೋತಿ" ಎಂದಳು. ಅವರು ಬೇಸರ ಮಾಡಿಕೊಂಡು ಹೊರಟಾಗ, "ಪಂಡಿತರೇ, ಅದು ನನ್ನ ಹೆಸರು, ನೀವು ಸುಮ್ಮನೆ ಯಾಕೆ ತಗಂತೀರಿ" ಎಂದು ಸಮಾಧಾನ ಮಾಡಿ ಕಳಿಸಿದೆ. ಒಳಗೆ ಬಂದು ಗೋಡೆ ಕಡೆ ತಿರುಗಿ ಕೂತೆ. ಹೀರೋಗಳು ಅಳುವಾಗ ಮಳೆ ಬರುತ್ತದೆ, ನನಗೆ ಅದೂ ಇರಲಿಲ್ಲ.

ಅದೇ ವಾರ ತೊಟ್ಟಿಲಿನ ಹಗ್ಗ ನಡುವೆ ಸೀಳು ಬಿಟ್ಟಿತು. ಎಂಟು ಎಳೆಗಳಲ್ಲಿ ಮೂರು ಹರಿದು ಗಡ್ಡದ ಹಾಗೆ ನೇತಾಡುತ್ತಿದ್ದವು. ಊರವರು ತೊಟ್ಟಿಲನ್ನು ನಿಲ್ಲಿಸಿದರು. ಆಚೆ ದಂಡೆಯಲ್ಲಿ ಅತ್ತೆಯ ಮಗಳು ಓಬಕ್ಕ ಎಂಟು ತಿಂಗಳ ಬಸುರಿ. ಅವಳ ಗಂಡ ಗಾದ್ರಿ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವವನು. ಸಂಬಂಧದಲ್ಲಿ ನಾನು ಕಟ್ಟಿಕೊಳ್ಳಬೇಕಾದವಳು ಅವಳು. ಪುಕ್ಕಟೆ ಸಿನಿಮಾ ನೋಡಿಸಿ ಅವನು ಗೆದ್ದ. ಅದಿರಲಿ. ಆಚೆ ದಂಡೆಯಲ್ಲಿ ಟಾಕೀಸಿದೆ, ಸೂಲಗಿತ್ತಿಯಿಲ್ಲ. ಇದ್ದ ಒಬ್ಬಳು ಸೂಲಗಿತ್ತಿ ನಮ್ಮ ದಂಡೆಯವಳು, ಎಪ್ಪತ್ತು ದಾಟಿದವಳು, ನಾಲ್ಕು ದಿನ ಕಲ್ಲು ದಾರಿ ನಡೆಯಲಾರಳು. ಓಬಕ್ಕನಿಗಂತೂ ಆ ಮಾತೇ ಇಲ್ಲ. ಹೊಸ ಹಗ್ಗ ಬಿದ್ದರೆ ಅವಳು ತವರಿಗೆ ಬರುತ್ತಾಳೆ. ಬೀಳದಿದ್ದರೆ ಅಲ್ಲೇ, ಯಾರೂ ಇಲ್ಲದೆ. ಅದೂ ಹಳೆಯದು ಪೂರ್ತಿ ಹರಿಯುವ ಮುಂಚೆಯೇ ಆಗಬೇಕು, ಏಕೆಂದರೆ ಖಾಲಿ ತೊಟ್ಟಿಲಿಗೆ ಹೊಸದರ ತುದಿ ಕಟ್ಟಿ, ಹಳೆಯದರ ಮೇಲೆಯೇ ಅದನ್ನು ಆಚೆಗೆ ಎಳೆಯುವುದು.

ದಿನವೂ ಹತ್ತು ಗಂಟೆಗೆ ಓಬಕ್ಕ ಆಚೆ ಅಂಚಿಗೆ ಬಂದು ಕೂಗುತ್ತಿದ್ದಳು: "ಅವ್ವಾ, ಉಂಡೇನೇ?" ಈಚೆ ಮಂಚದ ಮೇಲಿಂದ ಅತ್ತೆ ಎಡಗೈಯೆತ್ತಿ, ಇದ್ದ ಒಂದೇ ಮಾತನ್ನು ಕೂಗುತ್ತಿದ್ದಳು: "ಕೋತಿ!" ಅದು ಕೊರಕಲಿನೊಳಗೆ ನಾಲ್ಕು ಸಲ ಮಾರ್ದನಿಯಾಗುತ್ತಿತ್ತು.

ಊರವರು ಅತ್ತೆಯ ಜಗಲಿಯ ಮುಂದೆ ಸೇರಿ ಏನು ಮಾಡುವುದೆಂದು ಕೂತಿದ್ದಾಗ ನಾನು ಎದ್ದು ನಿಂತೆ. ತಲೆಗೂದಲನ್ನು ಹಿಂದಕ್ಕೆ ತಳ್ಳಿದೆ. "ಯಾರೂ ಹೆದರ್ಕಬ್ಯಾಡಿ. ಹದಿಮೂರು ವರ್ಷ ತುದಿ ಹಿಡಿದಿದ್ದ ಕೈ ಇದು. ಇವತ್ತು ಹಗ್ಗಾನೇ ಹಿಡೀತೈತೆ."

"ಹೊಸೀಲಾ ಮೊದ್ಲು. ಆಮೇಲೆ ಕೂದಲು ತಳ್ಳು" ಎಂದ ಖಾಸಿಮಣ್ಣ.

ಐದು ಮಾರು ಹೊಸೆದೆ. ಕೈ ತಾನಾಗಿ ಓಡುತ್ತಿತ್ತು, ನನಗೇ ಆಶ್ಚರ್ಯ. ಎಳೆ ಸೇರಿಸಿ ಸುತ್ತಿ, ಎದೆಯುಬ್ಬಿಸಿ, "ದ್ಯಾಮತ್ತೆ!" ಎಂದು ಕೂಗಿ ಕೈಬಿಟ್ಟೆ. ಹಗ್ಗ ಹಾವಿನ ಹಾಗೆ ಒಂದು ಸಲ ಹೊರಳಿ ಸರ್ರನೆ ಪೂರ್ತಿ ಬಿಚ್ಚಿಕೊಂಡಿತು. ಮತ್ತೆ ಹೊಸೆದೆ, ಮತ್ತೆ ಬಿಚ್ಚಿತು.

"ಅವಳಿಂದ ಕಲ್ತಿದ್ದಲ್ವೇನ್ಲಾ? ಮತ್ಯಾರಿಂದ?" ಎಂದ ಖಾಸಿಮಣ್ಣ.

ನನಗೆ ರೇಗಿತು. "ಯಾರಿಂದಾನೂ ಅಲ್ಲ ಹೋಗಿ. ನನಗೆ ನಾನೇ ಗುರು!" ಎಂದು ಮೂರನೆಯ ಸಲ ಹೊಸೆದು, "ಜುಂಜ!" ಎಂದೆ. ಈ ಸಲ ಅದು ಬಿಚ್ಚಿಕೊಂಡ ಅವಸರಕ್ಕೆ ನಾರು ಹಾರಿ ನನ್ನ ಮುಖಕ್ಕೇ ಹೊಡೆಯಿತು. ಅಷ್ಟು ಕಷ್ಟದಲ್ಲೂ ಜನ ನಕ್ಕರು. ನಾನೂ ನಗುತ್ತಿದ್ದೆ, ಮುಖ ನನ್ನದಲ್ಲದಿದ್ದರೆ.

ಪಾಲಯ್ಯ ಮೇಷ್ಟ್ರು ಬಗ್ಗಿ ಬಿಚ್ಚಿದ ಎಳೆಗಳನ್ನು ಕೈಗೆತ್ತಿಕೊಂಡರು. ಜಗಲಿಯ ಮೂಲೆಯಲ್ಲಿದ್ದ ಅತ್ತೆಯ ಹಳೆಯ ಹಗ್ಗದ ಪಕ್ಕ ಹಿಡಿದು ನೋಡಿದರು. "ಜುಂಜ, ನೀನು ತುದಿ ಹಿಡ್ಕೊಂಡು ಎಲ್ಲಿ ಕೂತ್ಕೋತಿದ್ದೆ?"

"ಎದುರಿಗೆ."

"ಅದೇ. ಅವಳದು ಬಲಮುರಿ, ನಿಂದು ಎಡಮುರಿ. ಕನ್ನಡಿ ನೋಡಿ ಕಲ್ತಂಗೆ ಕಲ್ತಿದೀಯ. ಅವಳ ಬಲಗೈ ನಿನಗೆ ಎಡಗೈ ಆಗಿ ಕಂಡಿದೆ." ಅವರ ದನಿ ಇಳಿಯಿತು. "ಇದನ್ನ ಅವಳು ಕಲಿಸಿಲ್ಲ. ಸಣ್ಣೀರಮ್ಮನೂ ಕಲಿಸಿಲ್ಲ. ಇದನ್ನ ಯಾರೂ ಯಾರಿಗೂ ಕಲಿಸಿಲ್ಲ ಕಣೋ. ಇದಕ್ಕೆ ಎತ್ತೋಕೆ ಹೆಸರೇ ಇಲ್ಲ."

ಹದಿಮೂರು ವರ್ಷ ಎದುರಿಗೆ ಕೂತು, ಒಂದು ದಿನವೂ ಎದ್ದು ಅವಳ ಪಕ್ಕಕ್ಕೆ ಹೋಗಿ ಕೂರಲಿಲ್ಲ ನಾನು. ಇಷ್ಟೇ ತಪ್ಪು. ಹಳೆಯ ಹಗ್ಗ ನೋಡಿಕೊಂಡು ಬಲಮುರಿ ಹೊಸೆಯಲು ಹೊರಟೆ, ಕೈ ತಿರುಗಲಿಲ್ಲ. ಬಲವಂತದಿಂದ ತಿರುಗಿಸಿ ಒಂದು ಗೇಣು ಮಾಡಿದರೆ ಅದೂ ಬಿಚ್ಚಿತು. ಹಗ್ಗ ನೋಡಿ ಕಲಿತರೆ ಯಾರ ಹೆಸರು ಹೇಳುವುದು? "ಹಗ್ಗಣ್ಣ" ಎಂದೂ ಒಂದು ಸಲ ಅಂದು ನೋಡಿದೆ. ಅತ್ತೆಯೇ ಸರಿಯಾದದ್ದನ್ನು ತೋರಿಸಲಿ ಎಂದರೆ ತೋರಿಸಬೇಕಾದ ಬಲಗೈ ಮಡಿಲಲ್ಲಿ ಬಿದ್ದಿತ್ತು, ಬೇರೆ ಯಾರದೋ ವಸ್ತುವಿನ ಹಾಗೆ.

ಮಾರನೆಯ ಮಧ್ಯಾಹ್ನ ಅವಳಿಗೆ ಅಂಬಲಿ ಕುಡಿಸಿ ಮಂಚದ ಪಕ್ಕ ಕೂತೆ. ಡೈಲಾಗು ಒಂದೂ ಬರಲಿಲ್ಲ. "ಅತ್ತೆ, ನಾನು ಸರಿಯಾಗಿ ನೋಡ್ಲೇ ಇಲ್ಲ ಕಣೆ. ನೀನು ಅಷ್ಟು ವರ್ಷ ಕೂರಿಸ್ಕಂಡಿದ್ದೆ. ನಾನು ಬಾಯಿ ನೋಡ್ತಿದ್ದೆ, ಕೈ ನೋಡ್ಲಿಲ್ಲ" ಎಂದೆ. ಹೇಳುತ್ತಾ ಹೇಳುತ್ತಾ, ಸುಮ್ಮನೆ ಕೂರಲಾರದ ಕೈ ನೆಲದ ಮೇಲಿನ ನಾರನ್ನು ಎಡತೊಡೆಯ ಮೇಲೆ ಹೊಸೆಯುತ್ತಿತ್ತು.

ಅತ್ತೆ ನೋಡುತ್ತಿದ್ದಳು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಹದಿಮೂರು ವರ್ಷದಲ್ಲಿ ನಾನು ನೋಡದ ಹಾಗೆ ನೋಡುತ್ತಿದ್ದಳು.

"ಕೋತಿ" ಎಂದು ಎಡಗೈ ಚಾಚಿದಳು. ನೀರು ಕೊಟ್ಟೆ, ತಳ್ಳಿದಳು. ಅಂಬಲಿ ಕೊಟ್ಟೆ, ತಳ್ಳಿದಳು. "ಕೋತಿ, ಕೋತಿ!" ಎಂದು ನಾರು ತೋರಿಸಿದಳು. ಕೊಟ್ಟೆ. ಎಬ್ಬಿಸಿ ಕೂರಿಸಿದೆ. ಅವಳು ನಾರಿನ ತುದಿಯನ್ನು ಎಡಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡತೊಡೆಯ ಮೇಲೆ ಎಡ ಅಂಗೈಯಿಟ್ಟು ತಳ್ಳಿದಳು. ನಾರು ಒಂದಿಷ್ಟು ತಿರುಗಿ ಜಾರಿಬಿತ್ತು. ಆಗ ನನಗೆ ಹೊಳೆಯಿತು. ಅವಳಿಗೆ ಉಳಿದಿರುವುದು ಎಡಗೈ. ಎಡಗೈಗೆ ಬರುವುದು ಎಡಮುರಿ. ಲೋಕದಲ್ಲಿ ಎಡಮುರಿ ಗೊತ್ತಿರುವವನು ಒಬ್ಬನೇ ಒಬ್ಬ, ಅವನೂ ತಪ್ಪಾಗಿ ಕಲಿತವನು.

ಎದುರಿಗಲ್ಲ, ಈ ಸಲ ಅವಳ ಪಕ್ಕದಲ್ಲಿ ಕೂತೆ. ಊರಿಗೆಲ್ಲ ಹಗ್ಗ ಕೊಟ್ಟವಳಿಗೆ ಹಗ್ಗ ಹೊಸೆಯುವುದನ್ನು ಹೇಳಿಕೊಡಲು ಶುರುಮಾಡಿದೆ. ಅವಳಂಥ ಕೆಟ್ಟ ಶಿಷ್ಯೆ ಯಾರೂ ಇಲ್ಲ. ಬಲಮುರಿಯ ಅಭ್ಯಾಸ ಬಿಡದು. ತಪ್ಪಾದರೆ ಅವಳೇ ನನ್ನನ್ನು ಬೈಯುವುದು, ಸರಿಯಾದರೂ ಬೈಯುವುದು. "ಹಿಂಗಲ್ಲ ಅತ್ತೆ, ಹಿಂಗೆ" ಎಂದರೆ "ಕೋತಿ!" ಎಂದು ನಾರು ನನ್ನ ಮುಖಕ್ಕೆ ಎಸೆಯುವಳು. ಎರಡು ದಿನ ಹೀಗೆ. ಆಚೆ ದಂಡೆಯಿಂದ ಓಬಕ್ಕ, "ಏನ್ಲಾ ಜುಂಜ, ನಮ್ಮವ್ವಂಗೆ ಏನ್ ಹಿಂಸೆ ಕೊಡ್ತಿದೀಯ?" ಎಂದು ಕೂಗಿದಳು. "ಪಾಠ ಹೇಳ್ತಿದೀನಿ!" ಎಂದೆ. ಆಚೆಯಿಂದ ಗಾದ್ರಿ ನಕ್ಕಿದ್ದು ಇಲ್ಲಿಗೆ ಕೇಳಿತು.

ಮೂರನೆಯ ದಿನ ಬೆಳಿಗ್ಗೆ ಅತ್ತೆಯ ಕೈ ಕೂಡಿಬಂತು. ಎರಡು ಎಳೆ ಹೊಸೆದಳು. ನಾನು ತುದಿ ಹಿಡಿದೆ. ಎದುರು ಕಡೆಗೆ ಸುತ್ತಿದಳು, ಒಂದು ಮೊಳ ಆಯಿತು. ಕೈಬಿಡುವ ಮುಂಚೆ ಒಂದು ಗಳಿಗೆ ತಡೆದಳು. ಹೆಸರೆತ್ತುವ ಹೊತ್ತು ಅದು. ಜೀವನವಿಡೀ "ಸಣ್ಣೀರತ್ತೆ" ಎಂದ ಜಾಗ. ಬಾಯಿ ಆ ಕಡೆ ಈ ಕಡೆ ಹೊರಳಿತು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ಹಾಗಲ್ಲ, ಕರೆಯುವ ಹಾಗೂ ಅಲ್ಲ, ಒಲೆಯ ಮುಂದೆ ಹಿರಿಯರ ಹೆಸರು ಹೇಳುತ್ತಾರಲ್ಲ ಹಾಗೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಕೋತಿ."

ಕೈಬಿಟ್ಟೆವು. ಹಗ್ಗ ಒಂದು ಸಲ ಮೈಮುರಿಯಿತು. ಬಿಚ್ಚುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅದು ಹಾಗೆಯೇ ಇತ್ತು, ಬಿಗಿಯಾಗಿ, ತನ್ನನ್ನು ತಾನು ಹಿಡಿದುಕೊಂಡು. ಎಳೆದೆ. ಕಂಬಕ್ಕೆ ಕಟ್ಟಿ ಜೋತುಬಿದ್ದೆ. ಅತ್ತೆ ನಗುತ್ತಿದ್ದಳು, ಅರ್ಧ ಬಾಯಲ್ಲಿ. ನಾನು ಏನು ಮಾಡುತ್ತಿದ್ದೆ ಎಂಬುದನ್ನು ಬರೆಯುವುದಿಲ್ಲ. ಈ ಸಲವೂ ಮಳೆ ಇರಲಿಲ್ಲ, ಆದರೂ ಮುಖವೆಲ್ಲ ಒದ್ದೆಯಾಗಿತ್ತು.

ಒಂದು ಮೊಳದ ಆ ಹಗ್ಗ ಹಿಡಿದು ಮೇಷ್ಟ್ರ ಮನೆಗೆ ಓಡಿದೆ. ಅವರು ಎಳೆದು ನೋಡಿ, ಮತ್ತೆ ಎಳೆದು ನೋಡಿ, "ಯಾರ ಹೆಸರು?" ಎಂದರು.

"ನಂದೇ. ಅತ್ತೆ ಇಟ್ಟಿದ್ದು. ಮೇಷ್ಟ್ರೇ, ಪುಸ್ತಕ ತೆಗೀರಿ. ಆ ಕೆಂಪು ಶಾಯೀದು ಓದಿ."

"ಮುಟ್ಟಬ್ಯಾಡ" ಎಂದು ಅವರು ಎಂದಿನ ಭಕ್ತಿಯಿಂದ ಓದಿದರು. "ಚೆಲ್ಲಿಬಿಟ್ಟೋಳು. ಸುಮ್ಕಿರು..."

"ಹಂಗಲ್ಲ ಮೇಷ್ಟ್ರೇ. ನಮ್ಮತ್ತೆ ಓದೋ ಹಂಗೆ ಓದಿ. ಲೇ, ಮುಟ್ಟಬ್ಯಾಡ! ಅಯ್ಯೋ, ಚೆಲ್ಲಿಬಿಟ್ಟೋಳು! ಬಳ್ಳಿ ತಿರುವ್ತಾ ಕೂತವ್ನೆ, ಸುಮ್ಕಿರು! ಇವು ಬಿರುದಲ್ಲ ಮೇಷ್ಟ್ರೇ. ಬೈಗುಳ."

ಮೇಷ್ಟ್ರು ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಮತ್ತೆ ಓದಿಕೊಂಡರು. ಅವರ ತುಟಿ ಮಾತ್ರ ಆಡುತ್ತಿತ್ತು. ಮುಟ್ಟಬೇಡ ಎಂದರೂ ಬೆಂಕಿ ಮುಟ್ಟಿದವನು. ಕಾಳು ಚೆಲ್ಲಿ ಬೈಸಿಕೊಂಡವಳು, ಮುಂದಿನ ಮಳೆಗೆ ಅಲ್ಲಿ ಪೈರು ಕಂಡವಳು. ಮಣ್ಣಿನ ಬಟ್ಟಲನ್ನು ಒಲೆಗೆ ಬೀಳಿಸಿದವಳು. ನುಗ್ಗುವ ಜನಕ್ಕೆ ಅಡ್ಡ ನಿಂತು, ಎಲ್ಲರ ಕೈಲೂ ಬೈಸಿಕೊಂಡು ತಡಿ, ತಡಿ ಎಂದವನು. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬಳು ಇದ್ದಿರಬೇಕು, ಅತ್ತೆಯೋ ಅಕ್ಕನೋ, ಹೆಸರಿಟ್ಟವಳು. ಬೈದಳು, ಆಮೇಲೆ ನೋಡಿದಳು, ಆಮೇಲೆ ತಾನೂ ಮಾಡಿದಳು. ಮಾಡುವಾಗ ಆ ಬೈಗುಳವನ್ನೇ ಹೆಸರು ಮಾಡಿ ಎತ್ತಿದಳು.

"ಹಂಗಾದ್ರೆ ನೀನು ಕೇಳಿದ ಪ್ರಶ್ನೆ..." ಎಂದರು ಮೇಷ್ಟ್ರು.

"ಮೊದಲನೇಯೋನು ಯಾರ ಹೆಸರೂ ಹೇಳ್ಲಿಲ್ಲ ಸಾ. ಅವನ ಬೆಂಕಿ ಹೊತ್ತಲೂ ಇಲ್ಲ. ಎರಡನೇಯೋಳು ಹೇಳಿದ್ಲು, ಆಗ ಹೊತ್ಕಂತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಅಂದಿನಿಂದ ಅತ್ತೆಯ ಜಗಲಿಯಲ್ಲಿ ಹದಿನಾರು ಜನ ಕೂತರು, ಎಲ್ಲರೂ ಅವಳ ಪಕ್ಕಕ್ಕೆ, ಒಬ್ಬರೂ ಎದುರಿಗಲ್ಲ. ಅತ್ತೆ ಎಡಗೈಯಿಂದ ತೋರಿಸಿ "ಕೋತಿ" ಎನ್ನುವಳು, ಅವರು ಹೊಸೆದು "ದ್ಯಾಮಕ್ಕ" ಎನ್ನುವರು, ಹಗ್ಗ ನಿಲ್ಲುವುದು. ನಾನೊಬ್ಬ ಹೊಸೆದದ್ದು ಮಾತ್ರ ಇನ್ನೂ ಬಿಚ್ಚಿಕೊಳ್ಳುತ್ತಿತ್ತು. ಕಂಡುಹಿಡಿದವನಿಗೆ ಸಿಗುವ ಮರ್ಯಾದೆ ನೋಡಿ. ಕೊನೆಗೆ ಅತ್ತೆ ನನ್ನನ್ನೂ ಸಾಲಿನಲ್ಲಿ ಎಳೆದು ಕೂರಿಸಿದಳು. ಮಣಿಕಟ್ಟಿಗೆ ಒಂದು ಬಿಟ್ಟು, ನನ್ನ ಎಳೆ ಸಡಿಲ ಎಂದು ತೋರಿಸಿದಳು. ನಾರನ್ನು ನೀರಿಗೆ ಅದ್ದಿಸಿದಳು. ಅಂಗೈಯನ್ನು ಎಲ್ಲಿಂದ ಒತ್ತಬೇಕೆಂದು ಬೆರಳು ಹಿಡಿದು ಒತ್ತಿಸಿದಳು. ನಾನು ಕಲಿಸಿದ್ದನ್ನೇ ಅವಳಿಂದ ಕಲಿತೆ, ಈ ಸಲ ಸರಿಯಾಗಿ. ಹೊಸೆದು, ಎದೆಯುಬ್ಬಿಸದೆ, "ದ್ಯಾಮತ್ತೆ" ಎಂದೆ. ನಿಂತಿತು.

ಹನ್ನೆರಡನೆಯ ದಿನ ಹೊಸ ಹಗ್ಗ ಆಚೆ ದಂಡೆ ಮುಟ್ಟಿತು. ಅದನ್ನು ಅಲ್ಲಿ ಕಂಬಕ್ಕೆ ಬಿಗಿದು ತೊಟ್ಟಿಲನ್ನು ಅದಕ್ಕೆ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ಹಳೆಯದು ಪಟ್ಟೆಂದು ಹರಿದು ಕೊರಕಲಿಗೆ ಬಿತ್ತು. ಅತ್ತೆಯ ಮಂಚವನ್ನು ನಾಲ್ಕು ಜನ ಹೊತ್ತು ಅಂಚಿಗೆ ತಂದಿದ್ದೆವು. ಗಾದ್ರಿ ಹೆಂಡತಿಯನ್ನು ತೊಟ್ಟಿಲಿನಲ್ಲಿ ಕೂರಿಸಿದ. ನಾವು ಎಳೆದೆವು. ನಡುವಿಗೆ ಬಂದಾಗ ಹಗ್ಗ ಕಿರ್ ಎಂದಿತು, ಎಲ್ಲರ ಕೈಯೂ ನಿಂತಿತು.

"ಯಾಕ್ಲಾ ನಿಲ್ಸಿದ್ರಿ?" ಎಂದು ತೊಟ್ಟಿಲಿನಿಂದ ಓಬಕ್ಕ. "ಲೋ ಜುಂಜ, ಇದು ನೀನು ತಪ್ಪಾಗಿ ಕಲ್ತ ಹಗ್ಗವಂತೆ! ನಿಜವೇನೋ?"

"ನಿಜ ಕಣೆ! ತಪ್ಪು ನಂದು, ಗಟ್ಟಿ ಮಾಡಿದ್ದು ನಿಮ್ಮವ್ವ!"

"ಹಂಗಾದ್ರೆ ಎಳೀರಿ!" ಎಂದಳು.

ಅವಳು ಇಳಿದು ಬಂದು ಅತ್ತೆಯ ಎಡ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾರು ಉಜ್ಜಿ ಉಜ್ಜಿ ಆ ಅಂಗೈ ಹಲಗೆಯಾಗಿತ್ತು. ಐದನೆಯ ದಿನಕ್ಕೆ ಹೆಣ್ಣು ಮಗು. ಮಗು ಅಡ್ಡ ತಿರುಗಿತ್ತಂತೆ. ಸೂಲಗಿತ್ತಿ ಒಳಗಿನಿಂದ ಬಂದು, "ಈ ದಂಡೆಗೆ ಬಂದಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ ಕೈತೊಳೆದುಕೊಂಡಳು. ಖಾಸಿಮಣ್ಣ ಅಂದು ಊರಿಗೆಲ್ಲ ಟೀ ಕಾಯಿಸಿದ. "ರಾಬಿಯಾ ಚಿಕ್ಕಮ್ಮ" ಎಂದು ಅವನು ಕೂಗಿದಾಗ ನಾನೂ ಜೊತೆಗೆ ಕೂಗಿದೆ. ಅವನು ಅನುಮಾನದಿಂದ ನನ್ನ ಕಡೆ ನೋಡಿದ, ಹಾಲು ಒಡೆಯಲಿಲ್ಲ.

ಮೇಷ್ಟ್ರು ಪುಸ್ತಕದಲ್ಲಿ ಹೊಸ ಪುಟ ತೆಗೆದರು. ಎಡಮುರಿ ಹಗ್ಗ. ಕೆಂಪು ಶಾಯಿ ಅದ್ದಿಕೊಂಡು, "ಜುಂಜ ಅಂತ ಬರೀಲೇನೋ? ನಿನ್ನ ಹೆಸರು ನಿಲ್ಲಲಿ" ಎಂದರು.

"ಬ್ಯಾಡ ಸಾ. ಇದ್ದಂಗೇ ಬರೀರಿ."

ಸಾವಿರ ವರ್ಷದ ಮೇಲೆ ಯಾವುದೋ ಶಾಲೆಯಲ್ಲಿ ಮಕ್ಕಳು ಎದ್ದು ನಿಂತು ಆ ಹೆಸರಿಗೆ ಕೈಮುಗಿಯುತ್ತವೆ, ಅಲ್ಲಿನ ಮೇಷ್ಟ್ರು ಪಕ್ಕದಲ್ಲಿ ಅದಕ್ಕೆ ದೊಡ್ಡ ಅರ್ಥ ಬರೆದಿರುತ್ತಾರೆ. ಅವರಲ್ಲಿ ಒಬ್ಬನಾದರೂ ಕಿಸಕ್ಕನೆ ನಗಲಿ.

ಈಗ ಟಾಕೀಸಿಗೆ ಹೋದರೆ ಎಲ್ಲರಿಗಿಂತ ಮೊದಲು ಒಳಗೆ ಕೂರುತ್ತೇನೆ. ದೀಪ ಹಿಡಿದವನು, ಬಟ್ಟೆ ಹೊಲಿದವನು, ಊಟ ಬಡಿಸಿದವನು, ಕೊನೆಯ ಹೆಸರಿನವರೆಗೂ ಓದುತ್ತೇನೆ. ಗೇಟಿನಲ್ಲಿ ಗಾದ್ರಿ, "ಏನ್ ಭಾವ, ಬಟಾಣಿ ಬಿಟ್ಯಾ?" ಎಂದು ಕಿಚಾಯಿಸುತ್ತಾನೆ. ಬೆಳಿಗ್ಗೆ ಒಲೆ ಹೊತ್ತಿಸುವಾಗ ಅಮ್ಮನ ಹೆಸರು ಹೇಳಿದ ಮೇಲೆ, ಯಾರಿಗೂ ಕೇಳದ ಹಾಗೆ ಇನ್ನೊಂದನ್ನೂ ಸೇರಿಸುತ್ತೇನೆ. ಮುಟ್ಟಬ್ಯಾಡ. ಅಣ್ಣಾ, ನೀನು ಮುಟ್ಟಿದ್ದು ಒಳ್ಳೆಯದಾಯಿತು.

ಓಬಕ್ಕನ ಮಗಳಿಗೆ ಈಗ ಒಂಬತ್ತು ತಿಂಗಳು. ಮೊನ್ನೆ ನಾನೂ ಅತ್ತೆಯೂ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದೆವು. ಅದು ಅಂಬೆಗಾಲಿಟ್ಟು ಬಂದು, ನಾರಿನ ರಾಶಿಗೆ ಕೈಹಾಕಿ, ಎರಡಲ್ಲ, ಮೂರು ಎಳೆಗಳನ್ನು ಒಟ್ಟಿಗೆ ಬಾಚಿ ಸಿಕ್ಕುಸಿಕ್ಕಾಗಿ ತಿರುವಿತು.

"ಕೋತಿ!" ಎಂದಳು ಅತ್ತೆ.

ನಾನೂ ಮಗುವೂ ಇಬ್ಬರೂ ತಿರುಗಿ ನೋಡಿದೆವು.